ಡೈರಿಯನ್ನು ಕೊನೆಗೆ ಓದಿ: ಫೋಲ್ಬಿಗ್ ಪ್ರಕರಣದ ಸಾಂದರ್ಭಿಕ ಸಾಕ್ಷ್ಯ ತೂಗಿದ ನನ್ನ ಅನುಭವ

ಕ್ರಿಮಿನಲ್ ಅಪೀಲು ನಡೆಸುವ ವಕೀಲರ ಟೇಬಲ್ಲಿಗೆ ಒಂದು ಬಗೆಯ ಫೈಲು ಆಗಾಗ ಬರುತ್ತದೆ. ಮಗು ಸತ್ತಿದೆ. ಮನೆಯಲ್ಲಿ ಆ ಹೊತ್ತಿಗೆ ಇದ್ದವಳು ತಾಯಿ ಒಬ್ಬಳೇ. ಕಣ್ಣಾರೆ ಕಂಡವರಿಲ್ಲ, ಸುತ್ತಲಿನ ಸಂಗತಿಗಳಿಂದ ಊಹಿಸುವ ಸಾಂದರ್ಭಿಕ ಸಾಕ್ಷ್ಯ ಮಾತ್ರ. ಗಂಡ, ಅತ್ತೆ, ಪಕ್ಕದ ಮನೆಯವರು, ಪೋಸ್ಟ್‌ಮಾರ್ಟಂ ಮಾಡಿದ ಡಾಕ್ಟರು, ಪಂಚರು, ತನಿಖಾಧಿಕಾರಿ, ಇಷ್ಟೇ ಸಾಕ್ಷಿಗಳು. ಸೆಷನ್ಸ್ ಕೋರ್ಟ್ ಜೀವಾವಧಿ ಕೊಟ್ಟಿರುತ್ತದೆ. ತವರಿನವರು ಅಪೀಲು ಹಾಕೋಕೆ ದುಡ್ಡು ಹೊಂದಿಸುವ ಹೊತ್ತಿಗೆ ಆಕೆ ಜೈಲಿನಲ್ಲಿ ವರ್ಷಗಳನ್ನು ಕಳೆದಿರುತ್ತಾಳೆ. ಎಷ್ಟೋ ಸಲ ತವರಿನವರೂ ಬರುವುದಿಲ್ಲ. ಕಾನೂನು ಸೇವಾ ಸಮಿತಿಯಿಂದಲೇ ಫೈಲು ಬರುತ್ತದೆ.

ನಾನು ಹೈಕೋರ್ಟಿನ ಧಾರವಾಡ ಪೀಠದಲ್ಲಿ ಈ ಕೆಲಸ ಮಾಡುತ್ತೇನೆ. ಇಂಥ ಫೈಲನ್ನು ಹೇಗೆ ತೂಗಬೇಕು ಅಂತ ಜೂನಿಯರ್‌ಗಳಿಗೆ ಹೇಳಿಕೊಡಲು ನನ್ನ ಕಕ್ಷಿದಾರರ ಪೇಪರ್ ಬುಕ್ (ಅಪೀಲಿನ ಕಾಗದಗಳ ಕಟ್ಟು) ಬಳಸುವುದು ನನಗೆ ಸರಿ ಕಾಣಲಿಲ್ಲ. ಅದಕ್ಕೆ ಆಸ್ಟ್ರೇಲಿಯಾದ ಕ್ಯಾಥ್ಲೀನ್ ಫೋಲ್ಬಿಗ್ ಪ್ರಕರಣ ಎತ್ತಿಕೊಂಡೆ. ಅಪೀಲು ಕೋರ್ಟಿನ ತೀರ್ಪುಗಳು, ಎರಡು ವಿಚಾರಣಾ ಆಯೋಗಗಳ ವರದಿಗಳು, ಆ ಆಯೋಗಗಳ ಮುಂದೆ ಕೊಟ್ಟ ಸಾಕ್ಷ್ಯ, ಎಲ್ಲ ಯಾರು ಬೇಕಾದರೂ ಓದಬಹುದು. ಒಂದು ಆಯೋಗ ತಪ್ಪಿತಸ್ಥೆ ಎಂಬುದರಲ್ಲಿ ಸಂಶಯವಿಲ್ಲ ಅಂದಿತು. ನಾಲ್ಕು ವರ್ಷದ ಮೇಲೆ ಇನ್ನೊಂದು ಸಂಶಯ ಇದೆ ಅಂದಿತು. ಕಲಿಯೋಕೆ ಇದಕ್ಕಿಂತ ಒಳ್ಳೆಯ ಫೈಲು ನನಗೆ ಸಿಕ್ಕಿಲ್ಲ.

ಮೊದಲು ಕಥೆ, ಬೇಗ ಹೇಳಿಬಿಡುತ್ತೇನೆ. ನ್ಯೂ ಸೌತ್ ವೇಲ್ಸ್‌ನ ನ್ಯೂಕಾಸಲ್ ಕಡೆಯ ಹೆಣ್ಣುಮಗಳು. ನಾಲ್ಕು ಮಕ್ಕಳು ಹುಟ್ಟಿದವು, ನಾಲ್ಕೂ ಹೋದವು. ಕೇಲಬ್ 1989ರಲ್ಲಿ, 19 ದಿನದ ಕೂಸು. ಪ್ಯಾಟ್ರಿಕ್ 1991ರಲ್ಲಿ, ಎಂಟು ತಿಂಗಳಿಗೆ. ಸಾರಾ 1993ರಲ್ಲಿ, ಹತ್ತು ತಿಂಗಳಿಗೆ. ಲಾರಾ 1999ರ ಮಾರ್ಚ್ 1ರಂದು, ಒಂದೂವರೆ ವರ್ಷದವಳು. ಲಾರಾ ಸತ್ತ ಮೇಲೆ ಗಂಡನಿಗೆ ಹೆಂಡತಿಯ ಡೈರಿ ಸಿಕ್ಕಿತು, ಓದಿದ, ಪೊಲೀಸರಿಗೆ ಕೊಟ್ಟ. 2001ರಲ್ಲಿ ಬಂಧನ. 2003ರ ಮೇ 21ರಂದು ಜ್ಯೂರಿಯ, ಅಂದರೆ ಸಾಮಾನ್ಯ ನಾಗರಿಕರ ಮಂಡಳಿಯ, ತೀರ್ಪು: ಮೂರು ಕೊಲೆ, ಕೇಲಬ್ ವಿಷಯದಲ್ಲಿ ಕೊಲೆಯಲ್ಲದ ನರಹತ್ಯೆ, ಜೊತೆಗೆ ಪ್ಯಾಟ್ರಿಕ್‌ಗೆ ಮೊದಲೊಮ್ಮೆ ತೀವ್ರ ಹಾನಿ ಮಾಡಿದ್ದು. 40 ವರ್ಷ ಶಿಕ್ಷೆ. ಅಪೀಲಿನಲ್ಲಿ ಅದು 30ಕ್ಕೆ ಇಳಿಯಿತು, ಅಪರಾಧ ಮಾತ್ರ ಹಾಗೇ ಉಳಿಯಿತು. ಇಪ್ಪತ್ತು ವರ್ಷ ಜೈಲಿನಲ್ಲಿದ್ದ ಮೇಲೆ 2023ರ ಜೂನ್ 5ರಂದು ಕ್ಷಮಾದಾನ. ಅದೇ ವರ್ಷ ಡಿಸೆಂಬರ್ 14ರಂದು ಕ್ರಿಮಿನಲ್ ಅಪೀಲು ಕೋರ್ಟ್ ಎಲ್ಲ ಅಪರಾಧ ನಿರ್ಣಯಗಳನ್ನೂ ರದ್ದು ಮಾಡಿತು.

ಇಷ್ಟು ಹೇಳಿದ ಕೂಡಲೇ ಜೂನಿಯರ್ ಒಬ್ಬಳು ಕೇಳಿದಳು, "ಮೇಡಂ, ನಾಲ್ಕಕ್ಕ ನಾಲ್ಕೂ ಸತ್ತಾವು ಅಂದ್ರ ಸುಮ್ನ ಹೆಂಗ್ರೀ ಬಿಡೋದು?" ಆ ಪ್ರಶ್ನೆಯನ್ನು ನಾನು ತಳ್ಳಿಹಾಕಲಿಲ್ಲ. ಅಲ್ಲಿನ ಜ್ಯೂರಿ ಕೇಳಿಕೊಂಡಿದ್ದೂ ಅದನ್ನೇ ಇರಬೇಕು. ಆದರೆ ಅದು ಕೊನೆಯಲ್ಲಿ ಕೇಳುವ ಪ್ರಶ್ನೆ. ಮೊದಲೇ ಕೇಳಿಬಿಟ್ಟರೆ ಮುಂದಿನ ಪ್ರತಿಯೊಂದು ಕಾಗದವನ್ನೂ ಅದರ ನೆರಳಿನಲ್ಲೇ ಓದುತ್ತೀವಿ.

ನನ್ನ ಪದ್ಧತಿ ಹೀಗಿದೆ. ಒಂದೊಂದು ಸಂಗತಿಗೂ ಒಂದೊಂದು ಹಾಳೆ. ಹಾಳೆಯಲ್ಲಿ ನಾಲ್ಕು ಕಾಲಂ. ಏನು ಸಾಬೀತಾಗಿದೆ, ಯಾರ ಬಾಯಿಂದ. ತಾಯಿ ಮಾಡಿದ್ದೇ ನಿಜ ಆದರೆ ಇದು ಹೇಗೆ ಕಾಣುತ್ತೆ. ಮಾಡಿಲ್ಲ ಅಂದುಕೊಂಡರೆ ಇದೇ ಸಂಗತಿ ಹೇಗೆ ಕಾಣುತ್ತೆ. ನಾಲ್ಕನೇ ಕಾಲಂ ನಾನು ಆಮೇಲೆ ಸೇರಿಸಿಕೊಂಡದ್ದು, ಈಗ ಅದಿಲ್ಲದೆ ಕೆಲಸವೇ ಆಗೋದಿಲ್ಲ: ಈ ಸಂಗತಿ ತನ್ನ ಕಾಲ ಮೇಲೆ ನಿಂತಿದೆಯಾ, ಬೇರೆ ಸಂಗತಿಯ ಹೆಗಲ ಮೇಲೆ ಕೈ ಹಾಕಿಕೊಂಡಿದೆಯಾ?

ಓದುವ ಕ್ರಮವೂ ಮುಖ್ಯ. ಚಾರ್ಜ್‌ಶೀಟಿನ ಕ್ರಮದಲ್ಲಿ ನಾನು ಓದೋದಿಲ್ಲ. ಚಾರ್ಜ್‌ಶೀಟ್ ಯಾವಾಗಲೂ ಉದ್ದೇಶದಿಂದ ಶುರುವಾಗುತ್ತೆ: ಆಕೆಗೆ ಸಿಟ್ಟು ಜಾಸ್ತಿ, ಗಂಡನ ಜೊತೆ ಜಗಳ, ಮಗು ಬೇಡವಾಗಿತ್ತು. ಅಷ್ಟು ಓದಿದ ಮೇಲೆ ಪೋಸ್ಟ್‌ಮಾರ್ಟಂ ವರದಿಯ ಖಾಲಿ ಜಾಗವೂ ಕೊಲೆಯಂತೆ ಕಾಣುತ್ತೆ. ಅದಕ್ಕೆ ಮೊದಲು ವೈದ್ಯಕೀಯ ಕಾಗದ. ಆಮೇಲೆ ಹೊತ್ತು, ಜಾಗ, ಯಾರು ಎಲ್ಲಿದ್ದರು. ಆಕೆಯ ಮಾತು, ಆಕೆಯ ಬರಹ ಎಲ್ಲಕ್ಕಿಂತ ಕೊನೆಗೆ. ಫೋಲ್ಬಿಗ್ ಫೈಲಿನಲ್ಲಿ ಡೈರಿಯನ್ನು ಮುಟ್ಟಲೇಬೇಡಿ ಅಂತ ಹುಡುಗರಿಗೆ ಹೇಳಿಟ್ಟಿದ್ದೆ. (ಇಬ್ಬರು ಮನೆಗೆ ಹೋಗಿ ಮೊಬೈಲಿನಲ್ಲಿ ಓದಿಬಿಟ್ಟಿದ್ದರು, ಅದು ಬೇರೆ ಮಾತು.)

ವೈದ್ಯಕೀಯ ಹಾಳೆಗಳಿಗೆ ಬರೋಣ. ಕೇಲಬ್‌ಗೆ ಗಂಟಲ ಪೆಟ್ಟಿಗೆ ಮೆತ್ತಗಿತ್ತು, ಉಸಿರಾಡುವಾಗ ಸದ್ದು ಬರುತ್ತಿತ್ತು. ಸತ್ತಾಗ ಬರೆದದ್ದು ಸಿಡ್ಸ್, ಅಂದರೆ ಕಾರಣ ಸಿಗದ ಹಠಾತ್ ಶಿಶು ಮರಣ. ಪ್ಯಾಟ್ರಿಕ್‌ಗೆ ನಾಲ್ಕು ತಿಂಗಳಿದ್ದಾಗ ಒಂದು ರಾತ್ರಿ ಉಸಿರು ಕಟ್ಟಿ ಆಸ್ಪತ್ರೆ ಸೇರಿದ, ಆಮೇಲೆ ಫಿಟ್ಸ್ ಶುರುವಾಯಿತು, ದೃಷ್ಟಿ ಹೋಯಿತು. ಸಾವಿಗೆ ಫಿಟ್ಸ್ ಕಾರಣ ಅಂತ ಆಗ ಬರೆದರು. ಸಾರಾಗೂ ಸಿಡ್ಸ್ ಅಂತಲೇ ಬರೆದರು. ಮೂರು ಸಾವುಗಳಿಗೂ ಆಗಿನ ಡಾಕ್ಟರುಗಳು ಸಹಜ ಅಂತ ಸಹಿ ಹಾಕಿದ್ದರು ಎಂಬುದನ್ನು ಗಮನಿಸಿ.

ಲಾರಾ ಹಾಳೆಯಲ್ಲಿ ನಾವು ತುಂಬ ಹೊತ್ತು ನಿಂತೆವು. ಪೋಸ್ಟ್‌ಮಾರ್ಟಂನಲ್ಲಿ ಆಕೆಯ ಹೃದಯದ ಸ್ನಾಯುವಿನಲ್ಲಿ ಉರಿಯೂತ ಕಂಡಿತ್ತು, ಮಯೋಕಾರ್ಡೈಟಿಸ್. ಅದು ಒಂದೇ ಸಾಲದು ಅನ್ನೋ ಹಾಗಿಲ್ಲ, ಮಕ್ಕಳು ಅದರಿಂದ ಹಠಾತ್ತಾಗಿ ಸಾಯುತ್ತಾರೆ. ಆದರೂ ವರದಿಯಲ್ಲಿ ಸಾವಿನ ಕಾರಣ 'ನಿರ್ಧರಿಸಲಾಗಿಲ್ಲ' ಅಂತ ಬಂತು. ಯಾಕೆ? ಡಾಕ್ಟರಿಗೆ ಮೊದಲಿನ ಮೂರು ಸಾವುಗಳ ವಿಷಯ ಗೊತ್ತಿತ್ತು. ಇದೇ ಹೃದಯ ಬೇರೆ ಮನೆಯ ಮಗುವಿನದಾಗಿದ್ದರೆ ಏನು ಬರೆಯುತ್ತಿದ್ದರು? ಈ ಪ್ರಶ್ನೆಗೆ ಉತ್ತರ 'ಮಯೋಕಾರ್ಡೈಟಿಸ್' ಎಂದಾದರೆ ನಾಲ್ಕನೇ ಕಾಲಂ ತುಂಬಿತು ಅಂತಲೇ ಲೆಕ್ಕ. ಲಾರಾ ಸಾವು ಅನುಮಾನಾಸ್ಪದ ಆಗಿದ್ದು ಹಿಂದಿನ ಸಾವುಗಳಿಂದ. ಹಿಂದಿನ ಸಾವುಗಳು ಅನುಮಾನಾಸ್ಪದ ಆಗಿದ್ದು ಲಾರಾಳಿಂದ.

ಇನ್ನು ಗುರುತುಗಳ ವಿಷಯ. ಉಸಿರು ಕಟ್ಟಿಸಿ ಕೊಂದರು ಅನ್ನುವುದು ಪ್ರಾಸಿಕ್ಯೂಷನ್ ವಾದ. ಅದನ್ನು ತೋರಿಸುವ ಗಾಯ ಯಾವ ಮಗುವಿನಲ್ಲೂ ಇರಲಿಲ್ಲ. ಮೆತ್ತನೆ ವಸ್ತುವಿನಿಂದ ಒತ್ತಿದರೆ ಗುರುತು ಉಳಿಯಬೇಕೆಂದೇನಿಲ್ಲ, ಅದು ನಿಜ. ಸಿಡ್ಸ್‌ನಲ್ಲೂ ಗುರುತು ಇರೋದಿಲ್ಲ. ಹಾಗಾದರೆ 'ಗುರುತಿಲ್ಲ' ಅನ್ನುವುದಕ್ಕೆ ಎಷ್ಟು ತೂಕ? ಎರಡೂ ಕಡೆ ಸಮ, ಅಂದರೆ ಸೊನ್ನೆ. ಕೋರ್ಟಿನಲ್ಲಿ ಮಾತ್ರ 'ಉಸಿರು ಕಟ್ಟಿಸಿದ್ದಕ್ಕೆ ಹೊಂದುತ್ತದೆ' ಅನ್ನೋ ಒಂದು ವಾಕ್ಯವಾಗಿ ಈ ಸೊನ್ನೆ ಬರುತ್ತೆ, ಕೇಳುವವರ ಕಿವಿಗೆ ಅದು ಪ್ಲಸ್ ಆಗಿ ಬೀಳುತ್ತೆ. 'ಹೊಂದುತ್ತದೆ' ಅಂತ ಡಾಕ್ಟರು ಅಂದ ಕೂಡಲೇ ಪಾಟೀಸವಾಲಿನಲ್ಲಿ ಮೊದಲು ಕೇಳಬೇಕಾದ್ದು, 'ಇನ್ನು ಯಾವುದಕ್ಕೆಲ್ಲ ಹೊಂದುತ್ತೆ ಸರ್?' ಒಂದೂವರೆ ವರ್ಷದ ಹಲ್ಲು ಬಂದ ಮಗುವಾದರೆ ಒದ್ದಾಡುತ್ತೆ, ತುಟಿಯ ಒಳಗೆ ಏನಾದರೂ ಆಗಬಹುದಿತ್ತು ಅನ್ನೋ ವಾದವೂ ಇತ್ತು. ಮೆಲ್ಬೋರ್ನಿನ ವಿಧಿವಿಜ್ಞಾನ ತಜ್ಞ ಸ್ಟೀಫನ್ ಕಾರ್ಡ್ನರ್ ಮುಂದೆ ಇಡೀ ಕಡತ ನೋಡಿ, ಕೊಲೆ ಅನ್ನೋದಕ್ಕೆ ಪೆಥಾಲಜಿಯಲ್ಲಿ ಆಧಾರವೇ ಇಲ್ಲ ಅಂತ ಹೇಳಿದರು.

ಈಗ ಹೊತ್ತು ಮತ್ತು ಜಾಗದ ಹಾಳೆ. ಇದು ಪ್ರಾಸಿಕ್ಯೂಷನ್‌ನ ಗಟ್ಟಿ ಹಾಳೆ, ಹುಡುಗರಿಗೆ ಹಾಗೇ ಹೇಳಿದೆ. ನಾಲ್ಕೂ ಮಕ್ಕಳು ಮನೆಯಲ್ಲಿ, ಮಲಗಿದ್ದಾಗ, ಹಾಸಿಗೆಯಲ್ಲಿ, ಇದ್ದಕ್ಕಿದ್ದಂತೆ ಹೋದವು. ನಾಲ್ಕು ಸಲವೂ ಮೊದಲು ನೋಡಿದ್ದು ತಾಯಿ. ಮೈ ಇನ್ನೂ ಬೆಚ್ಚಗಿರುವಾಗಲೇ ನೋಡಿದಳು. ಇಷ್ಟೊಂದು ಹೋಲಿಕೆ ಆಕಸ್ಮಿಕ ಆಗೋಕೆ ಸಾಧ್ಯವಾ?

ಹೋಲಿಕೆಗಳನ್ನು ಒಂದೊಂದಾಗಿ ಮೂರನೇ ಕಾಲಂಗೆ ಹಾಕಿ. ಮನೆಯಲ್ಲಿ, ಮಲಗಿದ್ದಾಗ, ಹಾಸಿಗೆಯಲ್ಲಿ, ಇದ್ದಕ್ಕಿದ್ದಂತೆ. ಸಹಜವಾಗಿ ಹಠಾತ್ ಸಾಯುವ ಶಿಶುಗಳು ಸಾಯುವುದೂ ಹೀಗೆಯೇ. ಆ ನಾಲ್ಕು ಹೋಲಿಕೆಗಳು ಕೊಲೆ ಮತ್ತು ರೋಗದ ನಡುವೆ ಏನೂ ಬೇರೆ ಮಾಡಿ ತೋರಿಸುವುದಿಲ್ಲ. ರಾತ್ರಿ ಎದ್ದು ಮಗು ನೋಡುವುದು ಯಾರ ಕೆಲಸ ಆಗಿತ್ತು? ಆ ಮನೆಯಲ್ಲಿ ತಾಯಿಯದು. ನಮ್ಮಲ್ಲೂ ಬಹುಪಾಲು ತಾಯಿಯದೇ. ದಿನಾ ಎದ್ದು ನೋಡುವವಳ ಕಣ್ಣಿಗೇ ಮೊದಲು ಬೀಳುತ್ತೆ, ಅಲ್ವಾ? ಉಳಿಯುವುದು ಒಂದೇ ಹೋಲಿಕೆ: ನಾಲ್ಕು ಸಾವು, ಒಂದೇ ತಾಯಿ. ಒಂದೇ ತಾಯಿ ಅಂದರೆ ಒಂದೇ ಕೈ ಅಂತಲೂ ಓದಬಹುದು, ಒಂದೇ ರಕ್ತ ಅಂತಲೂ ಓದಬಹುದು. ಎರಡನೇ ಓದಿಗೆ ಆಗ ವಿಜ್ಞಾನದ ಆಧಾರ ಸಿಕ್ಕಿರಲಿಲ್ಲ. ಸಿಗಬಹುದು ಅಂತ ಡಿಫೆನ್ಸ್ ಹೇಳಿದರೆ, ಹಂದಿಮರಿಗೆ ರೆಕ್ಕೆ ಹುಟ್ಟಬಹುದು ಅನ್ನೋ ಧಾಟಿಯಲ್ಲಿ ಪ್ರಾಸಿಕ್ಯೂಟರ್ ಜ್ಯೂರಿಯ ಮುಂದೆ ಅದನ್ನು ಗೇಲಿ ಮಾಡಿದರು.

ನಮ್ಮ ಸಾಕ್ಷ್ಯ ಕಾಯ್ದೆಯಲ್ಲೂ ಈ ಬಗೆಯ ಸಾಲು ಸಾಲು ಘಟನೆಗೆ ಜಾಗ ಇದೆ. ಹಳೆಯ 15ನೇ ಕಲಂ, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 13. ಅಲ್ಲಿ ಕೊಟ್ಟ ಉದಾಹರಣೆ ಎಲ್ಲ ಲಾ ವಿದ್ಯಾರ್ಥಿಗಳಿಗೂ ಗೊತ್ತು: ಒಬ್ಬ ಒಂದಾದ ಮೇಲೊಂದು ಮನೆಯಲ್ಲಿ ಇರುತ್ತಾನೆ, ಪ್ರತಿಯೊಂದಕ್ಕೂ ವಿಮೆ ಮಾಡಿಸುತ್ತಾನೆ, ಪ್ರತಿಯೊಂದಕ್ಕೂ ಬೆಂಕಿ ಬೀಳುತ್ತೆ, ಪ್ರತಿ ಸಲ ವಿಮೆ ದುಡ್ಡು ಎತ್ತುತ್ತಾನೆ. ಆದರೆ ಮನೆಗಳು ಒಂದಕ್ಕೊಂದು ರಕ್ತ ಸಂಬಂಧಿಗಳಲ್ಲ. ಮಕ್ಕಳು ಹೌದು. ಪಿ.ಪಿ. (ಸರ್ಕಾರಿ ವಕೀಲರು) ಆ ಉದಾಹರಣೆ ಎತ್ತಿದಾಗ ನಾನು ಹೇಳುವುದು ಇಷ್ಟೇ.

ಇದೇ ಜಾಗದಲ್ಲಿ ಇಂಗ್ಲೆಂಡಿನ ಸ್ಯಾಲಿ ಕ್ಲಾರ್ಕ್ ಕೇಸನ್ನೂ ತೆಗೆಯುತ್ತೇನೆ. ಆಕೆ ಸ್ವತಃ ಸಾಲಿಸಿಟರ್. ಇಬ್ಬರು ಗಂಡು ಶಿಶುಗಳು ಹೋದವು, 1999ರಲ್ಲಿ ಶಿಕ್ಷೆಯಾಯಿತು. ಮಕ್ಕಳ ತಜ್ಞ ಸರ್ ರಾಯ್ ಮೆಡೋ ಸಾಕ್ಷಿಕಟ್ಟೆಯಲ್ಲಿ ಒಂದು ಅಂಕಿ ಹೇಳಿದರು. ಇಂಥ ಕುಟುಂಬದಲ್ಲಿ ಒಂದು ಸಿಡ್ಸ್ ಸಾವಿನ ಸಾಧ್ಯತೆ 8,543ರಲ್ಲಿ ಒಂದು. ಎರಡಾದರೆ ಅದನ್ನು ಅದರಿಂದಲೇ ಗುಣಿಸಿ, 7 ಕೋಟಿ 30 ಲಕ್ಷದಲ್ಲಿ ಒಂದು. ಎರಡು ತಪ್ಪು ಇದೆ ಇಲ್ಲಿ. ಗುಣಿಸಬೇಕಾದರೆ ಎರಡು ಸಾವಿಗೂ ಏನೇನೂ ಸಂಬಂಧ ಇರಬಾರದು. ಒಂದೇ ತಂದೆತಾಯಿ, ಒಂದೇ ಮನೆ ಇರುವಾಗ ಹಾಗೆ ಹೇಳೋಕೆ ಬರುತ್ತಾ? ಎರಡನೆಯ ತಪ್ಪು ಇನ್ನೂ ದೊಡ್ಡದು. ಎರಡು ಸಿಡ್ಸ್ ಅಪರೂಪ ಅಂದಿರಿ, ಸರಿ. ಹೆತ್ತ ತಾಯಿ ಎರಡು ಕೂಸು ಕೊಲ್ಲುವುದೂ ಅಪರೂಪವೇ. ಎರಡು ಅಪರೂಪಗಳನ್ನು ಎದುರುಬದುರು ಇಟ್ಟು ತೂಗಬೇಕು. ಒಂದನ್ನೇ ತೋರಿಸಿ 'ನೋಡಿ, ಎಷ್ಟು ಅಪರೂಪ' ಅಂದರೆ ಅದು ತೂಗಿದಂತಲ್ಲ. ಬ್ರಿಟನ್ನಿನ ರಾಯಲ್ ಸ್ಟ್ಯಾಟಿಸ್ಟಿಕಲ್ ಸೊಸೈಟಿ 2001ರಲ್ಲೇ ಆ ಅಂಕಿಗೆ ಆಧಾರವಿಲ್ಲ ಅಂತ ಹೇಳಿತು. 2003ರ ಜನವರಿಯಲ್ಲಿ ಶಿಕ್ಷೆ ರದ್ದಾಯಿತು, ಅದರ ಮುಖ್ಯ ಕಾರಣ ಬೇರೆ: ಎರಡನೇ ಮಗುವಿನ ಸೋಂಕಿನ ಪರೀಕ್ಷಾ ವರದಿಯನ್ನು ಡಿಫೆನ್ಸಿಗೆ ಕೊಟ್ಟೇ ಇರಲಿಲ್ಲ. ಸ್ಯಾಲಿ ಕ್ಲಾರ್ಕ್ 2007ರಲ್ಲಿ ತೀರಿಕೊಂಡರು.

ಸ್ಯಾಲಿ ಕ್ಲಾರ್ಕ್ ಬಿಡುಗಡೆಯಾದ ಕೆಲವೇ ತಿಂಗಳಿಗೆ ಫೋಲ್ಬಿಗ್‌ಗೆ ಶಿಕ್ಷೆಯಾಯಿತು. ಅಲ್ಲಿ 7 ಕೋಟಿಯ ಅಂಕಿ ಯಾರೂ ಹೇಳಲಿಲ್ಲ. ಆದರೆ ಒಂದೇ ಮನೆಯಲ್ಲಿ ಮೂರು ನಾಲ್ಕು ಸಾವು ಇಂಥದ್ದು ನಾವು ಕಂಡಿಲ್ಲ, ಕೇಳಿಲ್ಲ ಅಂತ ಡಾಕ್ಟರುಗಳು ಹೇಳಿದರು. ಅಂಕಿ ಇಲ್ಲದೆಯೇ ಅದೇ ಗುಣಾಕಾರ ನಡೆದುಹೋಯಿತು.

ಕೊನೆಗೆ ಡೈರಿ. ಬೇಜಾರು, ಸಿಟ್ಟು, ತೂಕ ಜಾಸ್ತಿಯಾಯಿತೆಂಬ ಕೊರಗು, ಗಂಡನ ಮೇಲಿನ ಅನುಮಾನ, ತಾನು ಕೆಟ್ಟ ತಾಯಿ ಅನ್ನುವ ಹಳಹಳಿ, ಇದೇ ಪುಟಪುಟ. ನಡುವೆ ಕೆಲವು ಸಾಲುಗಳು. ಸಾರಾ ಸುಮ್ಮನಾದರೆ ಸಾಕು ಅನಿಸುತ್ತಿತ್ತು, ಒಂದು ದಿನ ಸುಮ್ಮನಾದಳು ಅನ್ನುವ ಅರ್ಥದ ಸಾಲು. 1998ರ ಜನವರಿಯಲ್ಲಿ, ತನ್ನ ಸಿಟ್ಟಿಗೆ ಸಾರಾ ಹೊರಟುಹೋದಳು, ಅದಕ್ಕೆ ಸ್ವಲ್ಪ ಸಹಾಯವೂ ಇತ್ತು ಅನ್ನುವ ಅರ್ಥದ ಸಾಲು. ತಾನು ಅಪ್ಪನ ಮಗಳೇ ಅಂತ ಇನ್ನೊಂದು ಕಡೆ. ಆ ಅಪ್ಪ, ಈಕೆ ಒಂದೂವರೆ ವರ್ಷದ ಮಗುವಾಗಿದ್ದಾಗ ಈಕೆಯ ಅಮ್ಮನನ್ನು ಇರಿದು ಕೊಂದಿದ್ದ. ಆ ಸಂಗತಿಯನ್ನು ಜ್ಯೂರಿಗೆ ಹೇಳಿರಲಿಲ್ಲ. ಜ್ಯೂರಿಯಲ್ಲಿದ್ದವರೊಬ್ಬರು ಇಂಟರ್ನೆಟ್ಟಿನಲ್ಲಿ ಹುಡುಕಿ ತಿಳಿದುಕೊಂಡರು, ಅದು ಮುಂದೆ ಅಪೀಲಿಗೂ ಹೋಯಿತು, ಫಲ ಸಿಗಲಿಲ್ಲ.

ಮೊದಲ ಓದಿಗೆ ಎದೆ ಧಸಕ್ ಅನ್ನುತ್ತೆ, ಸುಳ್ಳು ಹೇಳಲ್ಲ. 'ಸಹಾಯ' ಅಂದರೆ ಇನ್ನೇನು ಅಂತ ಹುಡುಗರು ಕೇಳಿದರು. ಆಗ ನಾನು ನಮ್ಮ ಕಡೆಯ ಒಂದು ಸಾಕ್ಷಿ ಹೇಳಿಕೆ ನೆನಪಿಸಿದೆ. ಮಗು ಸತ್ತ ಬೆಳಿಗ್ಗೆ ಪಕ್ಕದ ಮನೆಯಾಕೆ ಓಡಿಬಂದಳಂತೆ. ತಾಯಿ ಎದೆ ಎದೆ ಬಡಕೊಂಡು "ನಾನ ತಿಂದ್ಕೊಂಡ್ನಲ್ಲೋ ನನ್ನ ಕೂಸನ್ನ" ಅಂತ ಅಳುತ್ತಿದ್ದಳಂತೆ. ಪೊಲೀಸ್ ಹೇಳಿಕೆಯಲ್ಲಿ ಅದು "ನಾನೇ ನನ್ನ ಮಗುವನ್ನು ಕೊಂದೆ ಎಂದು ಒಪ್ಪಿಕೊಂಡಳು" ಅಂತ ಆಯಿತು. ಚಾರ್ಜ್‌ಶೀಟಿಗೆ ಬರುವಾಗ 'ನ್ಯಾಯಾಂಗೇತರ ತಪ್ಪೊಪ್ಪಿಗೆ' ಆಯಿತು. ಧಾರವಾಡ ಜಿಲ್ಲೆಯ ಯಾವ ಊರಿನಲ್ಲಿ ಹೆಣದ ಮುಂದೆ ಕೂತ ತಾಯಿ ಇಂಥ ಮಾತು ಆಡೋದಿಲ್ಲ ಹೇಳಿ? ಮಗು ಜ್ವರ ಬಂದು ಸತ್ತರೂ ಆಡುತ್ತಾಳೆ, ಹಾವು ಕಚ್ಚಿ ಸತ್ತರೂ ಆಡುತ್ತಾಳೆ.

ಫೋಲ್ಬಿಗ್ ಡೈರಿಯನ್ನು ಹಾಗೆ ಮೂರನೇ ಕಾಲಂನಲ್ಲಿ ಓದಿ. ಮೂರು ಕೂಸು ಕಾರಣ ಗೊತ್ತಾಗದೆ ಹೋಗಿವೆ, ನಾಲ್ಕನೆಯದು ತೊಟ್ಟಿಲಲ್ಲಿದೆ. ಅಂಥ ತಾಯಿ ತನ್ನನ್ನೇ ಬೈದುಕೊಂಡು ಏನೆಲ್ಲ ಬರೆಯುತ್ತಾಳೆ? ಯಾವ ಸಾಲಿನಲ್ಲೂ ತಾನು ಏನು ಮಾಡಿದೆ, ಹೇಗೆ ಮಾಡಿದೆ ಅಂತ ಇಲ್ಲ. ದೇವರು, ವಿಧಿ, ಮಗುವಿನದೇ ನಿರ್ಧಾರ, ಇಂಥ ನಂಬಿಕೆಗಳೇ ಇವೆ. 'ಸಹಾಯ' ಅಂದದ್ದು ದೇವರದ್ದೋ ಮೇಲಿನ ಶಕ್ತಿಯದ್ದೋ ಅಂತ ಆಕೆ 2019ರ ಆಯೋಗದ ಮುಂದೆ ಹೇಳಿದಳು. ಆಯೋಗ ನಂಬಲಿಲ್ಲ. ಎರಡನೇ ಆಯೋಗದ ಮುಂದೆ ಮನೋವೈದ್ಯರು, ಮನಶ್ಶಾಸ್ತ್ರಜ್ಞರು ಸಾಕ್ಷ್ಯ ಕೊಟ್ಟರು: ಇದು ಮಕ್ಕಳನ್ನು ಕಳೆದುಕೊಂಡು ತನ್ನನ್ನೇ ದೂರುವ, ಖಿನ್ನತೆಯಲ್ಲಿರುವ ತಾಯಿಯ ಬರಹ, ತಪ್ಪೊಪ್ಪಿಗೆ ಅಂತ ಓದಲಾಗದು. 2003ರ ಜ್ಯೂರಿ ವಿಚಾರಣೆಯಲ್ಲಿ ಅಂಥ ತಜ್ಞರೇ ಇರಲಿಲ್ಲ.

ಬರಹ ಓದುವುದರಲ್ಲಿ ನಮ್ಮ ಸುಪ್ರೀಂ ಕೋರ್ಟಿಗೂ ಅನುಭವ ಇದೆ. ಸಾಂದರ್ಭಿಕ ಸಾಕ್ಷ್ಯ ಅಂದ ಕೂಡಲೇ ಎಲ್ಲರೂ ಹೇಳುವ 1984ರ ಶರದ್ ಬಿರ್ದಿಚಂದ್ ಸಾರ್ಡಾ ತೀರ್ಪು ಮೂಲದಲ್ಲಿ ಪತ್ರಗಳ ಕೇಸು. ಪುಣೆಯಲ್ಲಿ ಮದುವೆಯಾಗಿ ಕೆಲವೇ ತಿಂಗಳಿಗೆ ಸೈನೈಡ್‌ನಿಂದ ಸತ್ತ ಹೆಂಡತಿ ಸೋದರಿಗೂ ಗೆಳತಿಗೂ ಬರೆದ ಪತ್ರಗಳು ಅಲ್ಲಿದ್ದವು. ಅವನ್ನು ಓದಿದ ಕೋರ್ಟ್, ಆತ್ಮಹತ್ಯೆಯ ಸಾಧ್ಯತೆ ತಳ್ಳಿಹಾಕಲಾಗದು ಅಂತ ಗಂಡನನ್ನು ಬಿಟ್ಟಿತು. ಎಲ್ಲರೂ ಅದರ ಐದು ತತ್ವ ಬಾಯಿಪಾಠ ಹೇಳುತ್ತಾರೆ, ಪತ್ರ ಓದಿದ ಬಗೆಯನ್ನು ನೋಡುವುದೇ ಇಲ್ಲ. ತತ್ವಗಳ ತಿರುಳು ಇಷ್ಟು: ಪ್ರತಿ ಸಂಗತಿ ಪೂರ್ತಿ ಸಾಬೀತಾಗಬೇಕು, 'ಆಗಿರಬಹುದು' ಸಾಲದು. ಎಲ್ಲ ಸೇರಿ ಅಪರಾಧದ ಕಡೆಗೆ ಮಾತ್ರ ಬೆರಳು ಮಾಡಬೇಕು. ಬೇರೆ ಸಾಧ್ಯತೆ ಉಳಿಯಬಾರದು. ಸರಪಳಿಯಲ್ಲಿ ಒಂದು ಕೊಂಡಿಯೂ ಬಿಟ್ಟಿರಬಾರದು. ಆರೋಪಿಯ ಸುಳ್ಳು ವಿವರಣೆ ಆ ಬಿಟ್ಟ ಕೊಂಡಿಯನ್ನು ತುಂಬುವುದಿಲ್ಲ.

ಆಸ್ಟ್ರೇಲಿಯಾದಲ್ಲಿ 1990ರ ಶೆಪರ್ಡ್ ತೀರ್ಪು ಬೇರೆ ದಾರಿಯನ್ನೂ ಒಪ್ಪುತ್ತೆ. ಕೆಲವು ಕೇಸು ಸರಪಳಿ, ಕೆಲವು ಕೇಸು ಹಗ್ಗ. ಹಗ್ಗದಲ್ಲಿ ಒಂದೊಂದು ಎಳೆ ಬಲವಿಲ್ಲದಿದ್ದರೂ ಹೊಸೆದಾಗ ಭಾರ ಹೊರುತ್ತೆ. ತರ್ಕ ಸರಿಯೇ ಇದೆ, ನಾನು ಅಲ್ಲಗಳೆಯೋದಿಲ್ಲ. ಆದರೆ ಎಳೆಗಳು ಬೇರೆಬೇರೆ ಕಡೆಯಿಂದ ಬಂದಿರಬೇಕು. ಫೋಲ್ಬಿಗ್ ಕೇಸಿನಲ್ಲಿ ಡೈರಿ ಕೊಲೆಗಡುಕಿಯದು ಅನಿಸಿದ್ದು ನಾಲ್ಕು ಸಾವಿನ ಕಾರಣಕ್ಕೆ. ನಾಲ್ಕು ಸಾವು ಕೊಲೆ ಅನಿಸಿದ್ದು ಡೈರಿಯ ಕಾರಣಕ್ಕೆ. ನಮ್ಮ ನಾಲ್ಕನೇ ಕಾಲಂ ಪೂರ್ತಿ ತುಂಬಿದಾಗ, ಯಾವುದು ಯಾವುದರ ಮೇಲೆ ನಿಂತಿದೆ ಅಂತ ಎಳೆದ ಬಾಣಗಳೆಲ್ಲ ಒಂದರಿಂದ ಒಂದಕ್ಕೆ ಸುತ್ತು ಹೊಡೆಯುತ್ತಿದ್ದವು. ನೆಲಕ್ಕೆ ಮುಟ್ಟಿದ ಬಾಣ ಒಂದೂ ಇರಲಿಲ್ಲ. ಜ್ಯೂರಿ ಕಾರಣ ಬರೆಯುವುದಿಲ್ಲ, ಅವರು ಯಾವುದರ ಮೇಲೆ ಯಾವುದನ್ನು ನಿಲ್ಲಿಸಿದರು ಗೊತ್ತಾಗದು. ನಮ್ಮಲ್ಲಿ ಜಡ್ಜರು ಬರೆಯುತ್ತಾರೆ. ತೀರ್ಪಿನಲ್ಲಿ 'ಈ ಹಿನ್ನೆಲೆಯಲ್ಲಿ ನೋಡಿದಾಗ' ಅನ್ನೋ ಮಾತು ಕಂಡಲ್ಲೆಲ್ಲ ನಾನು ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತೇನೆ. ಸಂಗತಿಯೊಂದು ಇನ್ನೊಂದರ ಹೆಗಲೇರಿದ್ದು ಅಲ್ಲೇ.

ಇನ್ನು ತಳಿವಿಜ್ಞಾನ. ಕರೋಲಾ ವಿನುವೇಸಾ ಅವರ ತಂಡ ತಾಯಿಯ ಜೀನುಗಳಲ್ಲಿ ಕಾಮ್2 ಅನ್ನೋ ಜೀನಿನಲ್ಲಿ ಒಂದು ಅಪರೂಪದ ಬದಲಾವಣೆ ಕಂಡಿತು. ಸಾರಾ, ಲಾರಾ ಇಬ್ಬರಲ್ಲೂ ಅದೇ ಇತ್ತು. ಆ ಜೀನು ಮಾಡುವ ಕ್ಯಾಲ್ಮಾಡ್ಯುಲಿನ್ ಪ್ರೋಟೀನು ಹೃದಯದ ಬಡಿತಕ್ಕೆ ಬೇಕಾದ ಕ್ಯಾಲ್ಸಿಯಂ ಓಡಾಟವನ್ನು ಹಿಡಿತದಲ್ಲಿಡುತ್ತೆ. ಅದು ಕೆಟ್ಟರೆ ಮಕ್ಕಳ ಹೃದಯ ಇದ್ದಕ್ಕಿದ್ದಂತೆ ನಿಲ್ಲಬಹುದು. 2019ರಲ್ಲಿ ನಿವೃತ್ತ ನ್ಯಾಯಾಧೀಶ ರೆಜಿನಾಲ್ಡ್ ಬ್ಲಾಂಚ್ ಅವರ ಆಯೋಗಕ್ಕೆ ಇದು ಸಾಲಲಿಲ್ಲ. ಆಮೇಲೆ ಪ್ರಯೋಗಾಲಯದಲ್ಲಿ ಆ ಬದಲಾವಣೆಯಿಂದ ಪ್ರೋಟೀನು ನಿಜಕ್ಕೂ ಸರಿಯಾಗಿ ಕೆಲಸ ಮಾಡುವುದಿಲ್ಲ ಅಂತ ತೋರಿಸಿ 2020ರಲ್ಲಿ ಪ್ರಕಟಿಸಿದರು. 2021ರಲ್ಲಿ 90 ವಿಜ್ಞಾನಿಗಳು, ಅವರಲ್ಲಿ ಇಬ್ಬರು ನೊಬೆಲ್ ಪಡೆದವರು, ಕ್ಷಮಾದಾನಕ್ಕೆ ಅರ್ಜಿ ಹಾಕಿದರು. ನಿವೃತ್ತ ಮುಖ್ಯ ನ್ಯಾಯಮೂರ್ತಿ ಟಾಮ್ ಬ್ಯಾಥರ್ಸ್ಟ್ ಎರಡನೇ ಆಯೋಗ ನಡೆಸಿದರು.

ಇಲ್ಲಿ ಹುಡುಗರು ಒಂದು ಕಡೆ ಜಾರುತ್ತಾರೆ. 'ಹಾಗಾದರೆ ಮಕ್ಕಳು ಜೀನಿನಿಂದ ಸತ್ತವು ಅಂತ ಸಾಬೀತಾಯಿತು' ಅಂತಾರೆ. ಸಾಬೀತಾಗಿಲ್ಲ, ಆಗಬೇಕಾಗಿಯೂ ಇಲ್ಲ. ತಾಯಿಯಲ್ಲೂ ಅದೇ ಬದಲಾವಣೆ ಇದೆ, ಆಕೆ ಬದುಕಿದ್ದಾಳೆ. ಜೀನು ಇದ್ದವರೆಲ್ಲ ಸಾಯಲೇಬೇಕೆಂದಿಲ್ಲ. ಕೋರ್ಟಿಗೆ ಬೇಕಾದ್ದು ಸಮಂಜಸವಾದ ಇನ್ನೊಂದು ಸಾಧ್ಯತೆ, ಅಷ್ಟೇ. ಬ್ಯಾಥರ್ಸ್ಟ್ ಬಿಚ್ಚಿದ ಕ್ರಮ ನನಗೆ ತುಂಬಾ ಇಷ್ಟ. ಹುಡುಗಿಯರಿಬ್ಬರಿಗೆ ಹೃದಯದ ಕಾರಣ ಇರಬಹುದು. ಪ್ಯಾಟ್ರಿಕ್‌ಗೆ ಮಿದುಳು-ನರಗಳ ರೋಗ ಇದ್ದಿರಬಹುದು. ಕೇಲಬ್‌ಗೆ ಬೇರೆ ಕಾರಣ ಸಿಕ್ಕಿಲ್ಲ. ಆದರೆ ಕೇಲಬ್ ಸಾವನ್ನು ಕೊಲೆ ಅಂದದ್ದೇ ಉಳಿದ ಮೂವರನ್ನು ತೋರಿಸಿ. ಆ ಮೂರು ಬಿದ್ದ ಮೇಲೆ ಕೇಲಬ್ ವಿಷಯದಲ್ಲಿ ಆಕೆಯ ವಿರುದ್ಧ ಏನು ಉಳಿಯಿತು?

ನಮ್ಮ ಫೈಲುಗಳಲ್ಲಿ ಜೀನು ಪರೀಕ್ಷೆಯ ಮಾತು ದೂರ. ಇಲ್ಲಿನ ಮೊದಲ ಅಡ್ಡಿ ಸಾಕ್ಷ್ಯ ಕಾಯ್ದೆಯ ಹಳೆಯ 106ನೇ ಕಲಂ, ಈಗಿನ 109. ಮನೆಯೊಳಗೆ ಆದದ್ದು ಆಕೆಗೆ ಮಾತ್ರ ಗೊತ್ತು, ಆಕೆಯೇ ಹೇಳಲಿ ಅನ್ನುವುದು. 2006ರ ತ್ರಿಮುಖ ಮಾರುತಿ ಕಿರ್ಕನ್ ತೀರ್ಪನ್ನು ಪಿ.ಪಿ. ಓದುತ್ತಾರೆ. ನಾನು 1956ರ ಶಂಭುನಾಥ ಮೆಹ್ರಾ ತೀರ್ಪಿಗೆ ಹೋಗುತ್ತೇನೆ: ಮೊದಲು ಪ್ರಾಸಿಕ್ಯೂಷನ್ ತನ್ನ ಭಾರ ಹೊರಬೇಕು. ಕುತ್ತಿಗೆ ಕೊಯ್ದ ಹೆಣ ಸಿಕ್ಕರೆ 'ಯಾರು' ಅನ್ನೋದು ಪ್ರಶ್ನೆ. ಮೈಮೇಲೆ ಗಾಯವಿಲ್ಲದ ಕೂಸಿನ ಸಾವಿನಲ್ಲಿ ಪ್ರಶ್ನೆ 'ಇದು ಕೊಲೆಯೇನು' ಅನ್ನೋದು. ರಾತ್ರಿ ನಿದ್ದೆ ಮಾಡುತ್ತಿದ್ದ ತಾಯಿಗೆ ಮಗುವಿನ ಹೃದಯದೊಳಗೆ ಆದದ್ದು 'ವಿಶೇಷವಾಗಿ ಗೊತ್ತಿರುವ ಸಂಗತಿ' ಹೇಗಾಗುತ್ತೆ?

ಆದ್ದರಿಂದ ಪೇಪರ್ ಬುಕ್ ತೆಗೆದ ಕೂಡಲೇ ನಾನು ಪೋಸ್ಟ್‌ಮಾರ್ಟಂ ವರದಿಯ ಕೊನೆಯ ಪುಟ ನೋಡುತ್ತೇನೆ. 'ಅಸ್ಫಿಕ್ಸಿಯಾ' (ಉಸಿರು ಕಟ್ಟುವಿಕೆ) ಅಂತಷ್ಟೇ ಬರೆದಿದ್ದರೆ ಅದು ಸಾವಿನ ಬಗೆ ಹೇಳಿತೇ ಹೊರತು ಕಾರಣ ಹೇಳಲಿಲ್ಲ. ಹೃದಯ, ಶ್ವಾಸಕೋಶ, ಮಿದುಳಿನ ತುಂಡನ್ನು ಹಿಸ್ಟೋಪೆಥಾಲಜಿಗೆ, ಅಂದರೆ ಸೂಕ್ಷ್ಮದರ್ಶಕದ ಪರೀಕ್ಷೆಗೆ, ಕಳಿಸಿದರಾ? ಎಷ್ಟೋ ವರದಿಗಳಲ್ಲಿ ವಿಸೆರಾ (ಒಳಾಂಗಗಳ ಮಾದರಿ) ಮಾತ್ರ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗಿರುತ್ತೆ, ವಿಷ ಇಲ್ಲ ಅಂತ ಬಂದಿರುತ್ತೆ, ಅಲ್ಲಿಗೆ ಮುಗಿಯಿತು. ಲಾರಾಳ ಹೃದಯವನ್ನು ಸೂಕ್ಷ್ಮದರ್ಶಕದಲ್ಲಿ ನೋಡದೆ ಇದ್ದಿದ್ದರೆ ಉರಿಯೂತ ಇತ್ತೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆಮೇಲೆ ತಾಯಿ ಕಾರ್ಡ್ ಕೇಳುತ್ತೇನೆ. ಮನೆಯವರು ಕಳೆದುಕೊಂಡಿರುತ್ತಾರೆ ಅಥವಾ ಪೊಲೀಸರು ಒಯ್ದು ಕಡತಕ್ಕೆ ಸೇರಿಸಿರೋದಿಲ್ಲ. ಅಂಗನವಾಡಿಯ ತೂಕದ ದಾಖಲೆ, ಲಸಿಕೆಯ ದಿನಾಂಕ, ಆಶಾ ಕಾರ್ಯಕರ್ತೆ ಮನೆಗೆ ಬಂದ ದಿನ ಬರೆದದ್ದು. ಮಗು ಹಾಲು ಕುಡೀತಿರಲಿಲ್ಲ, ತೂಕ ಏರುತ್ತಿರಲಿಲ್ಲ ಅಂತ ಆ ರಿಜಿಸ್ಟರಿನಲ್ಲಿ ಒಂದು ಸಾಲು ಇದ್ದರೆ, ಸೆಷನ್ಸ್ ಕೋರ್ಟಿನ ಮುಂದೆ ಬಾರದೇ ಇದ್ದ ರೋಗಿ ಮಗು ಒಂದು ಹೈಕೋರ್ಟಿನ ಮುಂದೆ ಬರುತ್ತೆ. ತಾಯಿಯನ್ನು ಜೈಲಿನಲ್ಲಿ ಭೇಟಿಯಾದಾಗ ಇನ್ನೊಂದು ಕೇಳಲೇಬೇಕು: ತವರಿನಲ್ಲಿ, ಗಂಡನ ಕಡೆ, ಚಿಕ್ಕ ವಯಸ್ಸಿಗೆ ಹಠಾತ್ತಾಗಿ ಯಾರಾದರೂ ಹೋಗಿದ್ದಾರಾ? ಯಾರೂ ಕೇಳಿರೋದಿಲ್ಲ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 313ನೇ ಕಲಂನಡಿ ಕೋರ್ಟ್ ಆರೋಪಿಯನ್ನೇ ಕೇಳಿ ಬರೆದುಕೊಂಡ ಹೇಳಿಕೆಯಲ್ಲಿ ಆಕೆ 'ಸುಳ್ಳು', 'ಗೊತ್ತಿಲ್ಲ' ಅಂತ ಮಾತ್ರ ಉತ್ತರ ಕೊಟ್ಟಿರುತ್ತಾಳೆ.

ಫೋಲ್ಬಿಗ್‌ಗೆ ಎಲ್ಲ ಅಪೀಲು ಮುಗಿದ ಮೇಲೂ ಎರಡು ಸಲ ಆಯೋಗ ಸಿಕ್ಕಿತು, ಹೊಸ ವಿಜ್ಞಾನವನ್ನು ಕೂತು ಕೇಳುವ ಜಾಗ ಸಿಕ್ಕಿತು. ನಮ್ಮಲ್ಲಿ ಸುಪ್ರೀಂ ಕೋರ್ಟ್ ಮುಗಿದರೆ ಪುನರ್ವಿಮರ್ಶೆ, ಕ್ಯುರೇಟಿವ್ (ಅದೂ ಫಲಿಸದಿದ್ದರೆ ಅದೇ ಕೋರ್ಟಿಗೆ ಹಾಕುವ ಕೊನೆಯ ಅರ್ಜಿ), ಆಮೇಲೆ ರಾಜ್ಯಪಾಲರಿಗೋ ರಾಷ್ಟ್ರಪತಿಗೋ ಕ್ಷಮಾದಾನದ ಅರ್ಜಿ. ಡಾಕ್ಟರನ್ನು ಮತ್ತೆ ಸಾಕ್ಷಿಕಟ್ಟೆಗೆ ಕರೆಯುವ ಅವಕಾಶ ಅವುಗಳಲ್ಲಿಲ್ಲ. ಇರುವ ಒಂದು ಬಾಗಿಲು ಅಪೀಲಿನ ಹಂತದಲ್ಲೇ ಇದೆ: ಹೆಚ್ಚುವರಿ ಸಾಕ್ಷ್ಯಕ್ಕೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 391ನೇ ಕಲಂ, ಈಗ ಬಿಎನ್‌ಎಸ್‌ಎಸ್‌ನ 432. ಆ ಅರ್ಜಿಯನ್ನು ಅಂತಿಮ ವಾದದ ದಿನ ಕೈಯಲ್ಲಿ ಹಿಡಿದು ನಿಂತರೆ ಪೀಠಕ್ಕೆ ಕಾಲಹರಣ ಅನಿಸುತ್ತೆ. ಅಪೀಲು ದಾಖಲಾದ ಕೂಡಲೇ, ಅಂಗನವಾಡಿ ರಿಜಿಸ್ಟರಿನ ನಕಲು ಮತ್ತು ಒಬ್ಬ ಮಕ್ಕಳ ಹೃದಯ ತಜ್ಞರ ಪ್ರಮಾಣಪತ್ರ ಲಗತ್ತಿಸಿ ಹಾಕಬೇಕು. ಜಾಮೀನು ಅರ್ಜಿಯ ಜೊತೆಗೇ ಹಾಕಿದರೆ ಇನ್ನೂ ಒಳ್ಳೆಯದು, ಪೀಠ ಎರಡನ್ನೂ ಒಟ್ಟಿಗೆ ಓದುತ್ತೆ.